ಪಂಚಾಯಿತಿ ಮತ್ತು ನಮ್ಮ ಪ್ರಾಥಮಿಕ ಶಾಲೆ: ಒಬ್ಬ ಗುಮಾಸ್ತನ ಅನುಭವ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ಅಧಿಕಾರ ವಿಕೇಂದ್ರೀಕರಣ ಮತ್ತು ಪ್ರಾಥಮಿಕ ಶಿಕ್ಷಣ’. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಚಿಂತಕರು’ ಎಂದು ಅಚ್ಚಾಗಿದೆ. ಅದನ್ನು ನೋಡಿ ನನ್ನ ಮನೆಯವರು ನಕ್ಕರು. ನಾನು ಚಿಂತಕನಲ್ಲ. 1983ರಿಂದ 2021ರವರೆಗೆ ಮೂವತ್ತೆಂಟು ವರ್ಷ ಶಿಕ್ಷಣ ಇಲಾಖೆಯ ಬೇರೆ ಬೇರೆ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿದವನು. ಅಧಿಕಾರ ಮೇಲಿನಿಂದ ಕೆಳಗೆ ಇಳಿಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಅದು ಇಳಿಯುವಾಗ ಫೈಲಿನ ರೂಪದಲ್ಲಿ ನನ್ನ ಮೇಜಿನ ಮೇಲೆ ಹಾದು ಹೋಗಿದೆ, ಕೆಲವು ಸಲ ಅಲ್ಲೇ ತಂಗಿದೆ. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಪ್ರೌಢಶಾಲೆಯ ಹಬ್ಬದಲ್ಲಿ ಪ್ರಾಥಮಿಕ ಶಾಲೆಯ ಮಾತೇಕೆ ಎಂದು ನಿನ್ನೆ ಒಬ್ಬರು ಕೇಳಿದರು. 1974ರ ಜೂನ್ ತಿಂಗಳಲ್ಲಿ ಇಲ್ಲಿ ಎಂಟನೇ ತರಗತಿ ಶುರುವಾದಾಗ ನಾವು ಐವತ್ತೆರಡು ಮಂದಿ ಇದ್ದೆವು. ಈ ವರ್ಷ ಎಂಟನೇ ತರಗತಿಗೆ ಸೇರಿದವರು ಹತ್ತೊಂಬತ್ತು ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಕೆರೆಗೆ ನೀರು ಬರುವ ಹಳ್ಳ ಬತ್ತಿದರೆ ಕೆರೆ ಏರಿಯನ್ನು ಎಷ್ಟು ಭದ್ರ ಮಾಡಿದರೂ ಏನು ಬಂತು? ಊರಿನ ಹಿರಿಯ ಪ್ರಾಥಮಿಕ ಶಾಲೆ, ತಾಂಡದ ಶಾಲೆ, ನಮ್ಮ ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆ, ಇವೇ ಈ ಪ್ರೌಢಶಾಲೆಗೆ ಹಳ್ಳಗಳು.

ಆಗ ನಮಗೆ ಕಟ್ಟಡವಿರಲಿಲ್ಲ. ಪಂಚಾಯಿತಿ ಹಾಲಿನಲ್ಲಿ ಪಾಠ. ಪಂಚಾಯಿತಿಯವರ ಮೀಟಿಂಗ್ ಇದ್ದ ದಿನ ಆಂಜನೇಯನ ಗುಡಿಯ ಜಗಲಿಯಲ್ಲಿ. ಕಟ್ಟಡಕ್ಕೆ ಊರಿನವರು ಜಮೀನು ಕೊಟ್ಟರು, ಗಾಡಿ ಕೊಟ್ಟರು, ಶನಿವಾರ ಮಧ್ಯಾಹ್ನ ನಾವು ಹುಡುಗರು ಸಾಲಾಗಿ ನಿಂತು ಇಟ್ಟಿಗೆ ದಾಟಿಸಿದೆವು. ಕಟ್ಟಡ ಮುಗಿದು ಬೋರ್ಡು ಬಿದ್ದ ಮೇಲೆ ಅದು ‘ಸರ್ಕಾರಿ ಸ್ಕೂಲು’ ಆಯಿತು. ಆಮೇಲೆ ಹೆಂಚು ಒಡೆದರೆ ಸರ್ಕಾರ ಹಾಕಿಸಲಿ ಎಂದು ನಾವೇ ಹೇಳತೊಡಗಿದೆವು. ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಹಾಗೆ ಹೇಳಿದವರಲ್ಲಿ ನಮ್ಮ ತಂದೆಯೂ ಒಬ್ಬರು.

ಶಾಲೆಯನ್ನು ಸ್ಥಳೀಯರ ಕೈಗೆ ಕೊಡುವುದು, ಮತ್ತೆ ತೆಗೆದುಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಬಂತು. 1930ರ ಕಾನೂನು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. 1941ರಲ್ಲಿ ಸರ್ಕಾರ ಅವನ್ನು ಮತ್ತೆ ತನ್ನ ಕೈಗೇ ತೆಗೆದುಕೊಂಡಿತು. ಮುಂದೆ ತಾಲ್ಲೂಕು ಬೋರ್ಡುಗಳು ಬಂದವು, ಹೋದವು. ಆದ್ದರಿಂದ ವಿಕೇಂದ್ರೀಕರಣ ಎಂಬ ಮಾತು ಕೇಳಿದಾಗ ಕೊಟ್ಟದ್ದೇನು ಎನ್ನುವುದರ ಜೊತೆಗೆ ಎಷ್ಟು ದಿನಕ್ಕೆ ಕೊಟ್ಟರು ಎಂದೂ ಕೇಳುವುದು ನನ್ನ ಅಭ್ಯಾಸ.

ನನ್ನ ಕಣ್ಣೆದುರಿಗೆ ಆದದ್ದು 1987ರಲ್ಲಿ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆಯುತ್ತಿದ್ದರು. 1983ರಲ್ಲಿ ಮಾಡಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಬಂದವು. ಇಡೀ ದೇಶದಲ್ಲಿ ಮಹಿಳೆಯರಿಗೆ ಮೀಸಲಾತಿಯ ಮಾತು ಬರುವ ಮೊದಲೇ ಇಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನ ಅವರಿಗೆ ಮೀಸಲಾಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅದರ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ನಾನಿದ್ದ ಶಿಕ್ಷಣ ಕಚೇರಿ ಒಂದು ಬೆಳಗ್ಗೆ ಪರಿಷತ್ತಿನ ಅಧೀನಕ್ಕೆ ಬಂತು. ನಮ್ಮ ಕುರ್ಚಿ, ಟೈಪ್‌ರೈಟರ್ ಅವೇ. ಲೆಟರ್‌ಹೆಡ್ ಮಾತ್ರ ಬೇರೆ ಎಂದು ನಾವು ತಮಾಷೆ ಮಾಡಿಕೊಂಡೆವು.

ಆದರೆ ಬದಲಾದದ್ದು ಲೆಟರ್‌ಹೆಡ್ ಮಾತ್ರವಲ್ಲ ಎಂದು ತಿಂಗಳೊಳಗೆ ಗೊತ್ತಾಯಿತು. ಅದುವರೆಗೆ ಶಾಲೆ ನೋಡಲು ಬರುತ್ತಿದ್ದವರು ಇನ್‌ಸ್ಪೆಕ್ಟರು. ಅವರು ಬರುವುದು ವರ್ಷಕ್ಕೊಂದು ಸಲ, ಅದೂ ಮೊದಲೇ ಸುದ್ದಿ ಮುಟ್ಟಿಸಿ. ಈಗ ನೋಡುವವನು ಶಾಲೆಯ ಎದುರಿನ ಮನೆಯಲ್ಲೇ ಇದ್ದ. ಸೋಮವಾರ ಮಧ್ಯಾಹ್ನ ಬಂದು ಗುರುವಾರ ಹೊರಡುವ ಮೇಷ್ಟರ ಲೆಕ್ಕ ಮಂಡಲ ಪ್ರಧಾನರ ಬಾಯಲ್ಲಿ ದಿನಾಂಕದ ಸಮೇತ ಬರತೊಡಗಿತು. ಹಿಂದೆ ಎರಡು ವರ್ಷದಲ್ಲಿ ಟೈಪು ಮಾಡದಷ್ಟು ಕಾರಣ ಕೇಳುವ ನೋಟಿಸುಗಳನ್ನು ನಾನು ಆ ಒಂದೇ ತಿಂಗಳಲ್ಲಿ ಟೈಪು ಮಾಡಿದೆ. ಶಿಕ್ಷಕರ ಹಾಜರಾತಿ ಸುಧಾರಿಸಿತು. ಆ ಕಾಲವನ್ನು ಅಧ್ಯಯನ ಮಾಡಿದವರೂ ಇದನ್ನು ಬರೆದಿದ್ದಾರೆ.

ಇಲ್ಲಿ ಗುರುಗಳು ಕೂತಿದ್ದಾರೆ, ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ನಾನು ಟೈಪು ಮಾಡಿದ ನೋಟಿಸುಗಳಲ್ಲಿ ಒಂದು ಏಕೋಪಾಧ್ಯಾಯ ಶಾಲೆಯ ಮೇಷ್ಟರಿಗೆ ಹೋಯಿತು. ಅವತ್ತು ಶಾಲೆಗೆ ಬೀಗ ಹಾಕಿತ್ತು ಎಂದು ದೂರು. ಅವರು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತು, “ಸ್ವಾಮಿ, ಅವತ್ತು ಸಂಬಳ ತರೋಕೆ ತಾಲ್ಲೂಕಿಗೆ ಹೋಗಿದ್ದೆ. ನನ್ನ ಸಂಬಳ ನಾನೇ ಹೋಗಿ ತರಬೇಕು, ನನ್ನ ಬದಲಿಗೆ ಬೀಗ ತೆಗೆಯೋರು ಯಾರು?” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಊರಿಗೆ ಬೀಗ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಇನ್ನು ವರ್ಷ ಎರಡು ವರ್ಷ ಕಳೆಯುವಷ್ಟರಲ್ಲಿ ವರ್ಗಾವಣೆಯ ಕಾಟ ಶುರುವಾಯಿತು. ಸದಸ್ಯರ ಚೀಟಿ ಹಿಡಿದ ಮೇಷ್ಟರು ಒಂದು ಕಡೆ, ಎದುರು ಪಕ್ಷದ ಚೀಟಿ ಹಿಡಿದವರು ಇನ್ನೊಂದು ಕಡೆ. ಯಾವ ಚೀಟಿಯೂ ಇಲ್ಲದ ಬಡಪಾಯಿಗಳು ಗಡಿಯ ಹಳ್ಳಿಗಳಿಗೆ. ಮುಂದೆ 2007ರಲ್ಲಿ ಶಿಕ್ಷಕರ ವರ್ಗಾವಣೆಗೆಂದೇ ಕಾಯ್ದೆ ಬಂದು ಕೌನ್ಸೆಲಿಂಗ್ ನೆಲೆ ನಿಂತಾಗ ಹಳಬರು ಉಸಿರು ಬಿಟ್ಟರು. ಆ ವಿಷಯದಲ್ಲಿ ಅಧಿಕಾರ ಮೇಲಕ್ಕೆ ಹೋದದ್ದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ. ನಜೀರ್ ಸಾಬರ ಅಭಿಮಾನಿಯಾದ ನಾನು ಇದನ್ನು ಹೇಳುವುದು ಸುಲಭವಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಪಂಚಾಯಿತಿ ಮೆಂಬರುಗಳಿಗೇ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ರಾಜ್ಯದ ಬಜೆಟ್ಟಿನ ಜೊತೆ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿಗಳಿಗೆ ಯಾವ ಬಾಬ್ತಿಗೆ ಎಷ್ಟು ಎಂದು ತೋರಿಸುವ ಒಂದು ಪುಸ್ತಕ ಬರುತ್ತದೆ. ಕಚೇರಿಯಲ್ಲಿ ಅದನ್ನು ‘ಲಿಂಕ್ ಡಾಕ್ಯುಮೆಂಟ್’ ಎನ್ನುತ್ತಿದ್ದೆವು. ಅದರಲ್ಲಿ ತಾಲ್ಲೂಕು ಪಂಚಾಯಿತಿಯ ಪಾಲು ನೋಡಿದರೆ ಕೋಟಿಗಳು. ಹೊಸದಾಗಿ ಗೆದ್ದ ಸದಸ್ಯರು ಅದನ್ನು ನೋಡಿ, “ಇಷ್ಟು ದುಡ್ಡಿದೆಯಲ್ಲ, ನಮ್ಮೂರ ಸ್ಕೂಲಿಗೆ ಎರಡು ರೂಮು ಕಟ್ಟಿಸಿ” ಎನ್ನುತ್ತಿದ್ದರು. ಅವರಿಗೆ ಉತ್ತರ ಹೇಳುವ ಕೆಲಸ ನನ್ನದು. ಆ ಹಣದಲ್ಲಿ ಬಹುಪಾಲು ಪ್ರಾಥಮಿಕ ಶಾಲೆ ಶಿಕ್ಷಕರ ಸಂಬಳ. ನಾನು ನೋಡಿದ ಬಿಲ್ಲುಗಳಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಸಂಬಳ, ಸಾರಿಗೆ, ರಜೆ ನಗದೀಕರಣಗಳೇ. ಶಿಕ್ಷಕರನ್ನು ನೇಮಿಸುವವರು ಬೇರೆ, ಸಂಬಳ ನಿಗದಿ ಮಾಡುವವರು ಬೇರೆ, ವರ್ಗಾಯಿಸುವವರು ಬೇರೆ. ಪಂಚಾಯಿತಿಯದು ಹೆಸರು ಮಾತ್ರ. ಮದುವೆ ಮನೆಯಲ್ಲಿ ಬಡಿಸುವವನ ಕೈಯಲ್ಲಿ ಹೋಳಿಗೆ ತಟ್ಟೆ ಇರುತ್ತದೆ, ಹಾಗಂತ ಹೋಳಿಗೆ ಅವನದಾಗುವುದಿಲ್ಲ.

1992ರಲ್ಲಿ ಮೊದಲ ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಮತ್ತೆ ಸಂವಿಧಾನದ 73ನೇ ತಿದ್ದುಪಡಿ ಬಂದು, 1993ರ ಮೇ ತಿಂಗಳಲ್ಲಿ ನಮ್ಮ ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಹನ್ನೊಂದನೇ ಅನುಸೂಚಿಯ ಇಪ್ಪತ್ತೊಂಬತ್ತು ವಿಷಯಗಳಲ್ಲಿ ಹದಿನೇಳನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆ ಸೇರಿದ ಶಿಕ್ಷಣ. ಪಕ್ಕದ ಕೇರಳದಲ್ಲಿ 1996ರಿಂದ ಯೋಜನಾ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಅಲ್ಲೂ ಶಿಕ್ಷಕರ ಸಂಬಳ ಸರ್ಕಾರದ್ದೇ. ಆದರೆ ಶಾಲೆಗೆ ಏನು ಬೇಕು ಎಂದು ಪಂಚಾಯಿತಿ ಕೂತು ತೀರ್ಮಾನಿಸಲು ಕೈಯಲ್ಲಿ ಒಂದಿಷ್ಟು ಬಿಡಿ ಕಾಸಿತ್ತು. ನಮ್ಮಲ್ಲಿ ಆ ಬಿಡಿ ಕಾಸು ಯಾವಾಗಲೂ ಕಡಿಮೆ.

2001ರಲ್ಲಿ ಇನ್ನೊಂದು ದಾರಿ ತೆರೆಯಿತು. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಏಪ್ರಿಲ್ 28ರಂದು ಸರ್ಕಾರಿ ಆದೇಶ ಹೊರಟು ಪ್ರತಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಹಿಂದಿನ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರಿನ ಯಜಮಾನರು ಇರುತ್ತಿದ್ದರು, ಅವರ ಮಕ್ಕಳು ಪಟ್ಟಣದ ಕಾನ್ವೆಂಟಿನಲ್ಲಿ ಇರುತ್ತಿದ್ದರು. ಈಗ ಆ ಶಾಲೆಯಲ್ಲೇ ಓದುವ ಮಕ್ಕಳ ತಂದೆ ತಾಯಿಯರಲ್ಲಿ ಒಂಬತ್ತು ಮಂದಿ, ಅವರೇ ಆರಿಸಿಕೊಂಡವರು. ಸರ್ವ ಶಿಕ್ಷಾ ಅಭಿಯಾನದ ಹಣ, ಶಾಲೆಗೆ ವರ್ಷಕ್ಕೆ 2,000, ಒಬ್ಬೊಬ್ಬ ಶಿಕ್ಷಕರಿಗೆ ಪಾಠೋಪಕರಣಕ್ಕೆಂದು 500, ಇಂಥವೆಲ್ಲ ಜಂಟಿ ಖಾತೆಗೆ ನೇರವಾಗಿ ಬಂದವು. ಚೆಕ್ಕಿಗೆ ಹೆಡ್‌ಮಾಸ್ಟರ ಜೊತೆ ಸಮಿತಿಯ ಅಧ್ಯಕ್ಷರ ಸಹಿ ಬೇಕು. ಸಹಿ ಕಲಿಯಲೆಂದೇ ಮಗಳ ಸ್ಲೇಟು ಹಿಡಿದ ತಾಯಂದಿರನ್ನು ನಾನು ಕಂಡಿದ್ದೇನೆ.

ಹೀಗೆ ಹಣ ಪಂಚಾಯಿತಿಯ ಬಾಗಿಲು ದಾಟಿ ನೇರ ಶಾಲೆಗೆ ಬಂದದ್ದರಿಂದ ಒಂದು ತೊಡಕೂ ಆಯಿತು. ಶಾಲೆಗೆ ಎರಡು ಮನೆಯಾಯಿತು. ಕೊಳಾಯಿ ಪಂಚಾಯಿತಿಯದು, ಕೊಠಡಿ ಇಲಾಖೆಯದು, ಬಿಸಿಯೂಟದ ಲೆಕ್ಕ ಇನ್ನೊಂದು ಕಡೆ. ಏನಾದರೂ ಕೆಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಇದನ್ನು ಸರಿಮಾಡಲು 2006ರಲ್ಲಿ ಮಾದರಿ ಉಪನಿಯಮ ಮಾಡಿ ಸಮಿತಿಯನ್ನು ಗ್ರಾಮ ಪಂಚಾಯಿತಿಗೆ ಜೋಡಿಸಿದರು. ಆ ಸುತ್ತೋಲೆಯನ್ನು ನಮ್ಮ ಕಚೇರಿಯಿಂದ ಎಲ್ಲ ಶಾಲೆಗಳಿಗೂ ಕಳಿಸಿದವನು ನಾನೇ. ಎಷ್ಟು ಜನ ಓದಿದರೋ ಕಾಣೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ವೇದಿಕೆಗೆ ಬರಲು ಒಪ್ಪಿದ್ದೇ ಅದಕ್ಕಾಗಿ.

2008ರಲ್ಲಿ ನಾನು ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿದ್ದೆ. ನಮ್ಮ ಹಟ್ಟಿಯ ಶಾಲೆಯಲ್ಲಿ ಇಪ್ಪತ್ತೇಳು ಮಕ್ಕಳು, ಇಬ್ಬರು ಮೇಷ್ಟರು. ಅವರಲ್ಲಿ ಒಬ್ಬರನ್ನು ಪಟ್ಟಣದ ಶಾಲೆಗೆ ನಿಯೋಜನೆ ಮೇಲೆ ಕಳಿಸಲು ಮೌಖಿಕ ಆದೇಶವಾಯಿತು. ನಿಯೋಜನೆ ಎಂದರೆ ಗೊತ್ತಲ್ಲ, ಹೆಸರು ಇಲ್ಲಿ, ಸಂಬಳ ಇಲ್ಲಿಯ ಲೆಕ್ಕದಲ್ಲಿ, ಮನುಷ್ಯ ಮಾತ್ರ ಬೇರೆ ಕಡೆ. ಟಿಪ್ಪಣಿ ಬರೆದವನು ನಾನು. ‘ಸದರಿ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ ಬೋಧನೆಗೆ ತೊಂದರೆಯಾಗುವುದಿಲ್ಲ’ ಎಂದು ಬರೆದೆ. ನನ್ನ ಅಣ್ಣತಮ್ಮಂದಿರ ಮಕ್ಕಳು ಓದುವ ಶಾಲೆ. ತೊಂದರೆಯಾಗುತ್ತದೆ ಎಂದು ನನಗೆ ಗೊತ್ತಿತ್ತು. ಬರೆಯುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಬಡ್ತಿ ಹತ್ತಿರವಿತ್ತು.

ಒಬ್ಬರೇ ಮೇಷ್ಟರು ಐದು ತರಗತಿ. ಒಂದರಿಂದ ಮೂರಕ್ಕೆ ನಲಿ-ಕಲಿಯಂತೆ ಗುಂಪಿನಲ್ಲಿ ಕಲಿಸಬಹುದು. ಅದು ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟರುಗಳೇ 1995ರಲ್ಲಿ ರೂಪಿಸಿದ ಒಳ್ಳೆಯ ಪದ್ಧತಿ, ಬೆಂಗಳೂರಿನಿಂದ ಇಳಿದದ್ದಲ್ಲ. ಆದರೆ ನಾಲ್ಕು, ಐದನೇ ತರಗತಿಯ ಮಕ್ಕಳನ್ನು ನೋಡುವವರು ಯಾರು? ಮೀಟಿಂಗ್, ಜನಗಣತಿ, ಚುನಾವಣೆ ಕೆಲಸ ಎಂದು ಆ ಒಬ್ಬರೂ ಹೋದ ದಿನ ಅಡುಗೆಯವಳೇ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದಳು.

ಮೂರು ತಿಂಗಳಿಗೆ ಹಟ್ಟಿಯಿಂದ ಏಳು ಜನ ಹೆಂಗಸರು ನಮ್ಮ ಕಚೇರಿಗೆ ಬಂದರು. ಮುಂದೆ ಇದ್ದವಳು ನನ್ನ ತಮ್ಮನ ಹೆಂಡತಿ, ಆ ವರ್ಷ ಸಮಿತಿಯ ಅಧ್ಯಕ್ಷೆ. ಕೈಯಲ್ಲಿ ನಡಾವಳಿ ಪುಸ್ತಕ. ಅದರಲ್ಲಿ ಠರಾವು, ಕೆಳಗೆ ನಾಲ್ಕು ಸಹಿ, ಐದು ಹೆಬ್ಬೆಟ್ಟು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ನಾನು ದಾಖಲೆ ತೆಗೆದು, “ನಿಮ್ಮ ಶಾಲೇಲಿ ಇಬ್ಬರು ಇದ್ದಾರಲ್ಲಮ್ಮ, ಇಲ್ಲಿ ಹಾಗೇ ಇದೆ” ಎಂದೆ. ಕಚೇರಿಯಲ್ಲಿ ಯಾರು ಬಂದರೂ ಹೇಳುವ ಮಾತು ಅದು, ಬಾಯಿಗೆ ತಾನಾಗಿ ಬಂತು.

ಅವಳು ಮನೆಯಲ್ಲಿ ನನ್ನೆದುರಿಗೆ ಕೂರುವವಳೂ ಅಲ್ಲ. ಅವತ್ತು ಸೆರಗು ಸರಿಮಾಡಿಕೊಂಡು, “ಭಾವ, ಹಾಳೇಲಿರೋ ಮೇಷ್ಟ್ರು ನಮ್ಮ ಹುಡುಗ್ರಿಗೆ ಮಗ್ಗಿ ಹೇಳ್ಕೊಡ್ತಾರಾ? ನೀವೇ ಹೇಳಿ” ಎಂದಳು.

ನಾನು ಏನೂ ಹೇಳಲಿಲ್ಲ. ಅರ್ಜಿಗೆ ಮೊಹರು ಹಾಕಿ ಸ್ವೀಕೃತಿ ಕೊಟ್ಟೆ, ಅಷ್ಟೆ. ಸಂಜೆ ಬಸ್ಸಿಗೆ ಮುಂಚೆ ಅವರಿದ್ದ ಟೀ ಅಂಗಡಿಗೆ ಹೋಗಿ ಒಂದು ಮಾತು ಹೇಳಿದೆ. ಇಲ್ಲಿ ಅರ್ಜಿ ಕೊಟ್ಟರೆ ಇಲ್ಲೇ ಇರುತ್ತದೆ. ಗ್ರಾಮ ಸಭೆಯಲ್ಲಿ ಎತ್ತಿ, ಠರಾವು ಮಾಡಿಸಿ, ಪಂಚಾಯಿತಿಯಿಂದ ತಾಲ್ಲೂಕು ಪಂಚಾಯಿತಿಗೆ ಕಳಿಸಿ, ಕೆಡಿಪಿ ಸಭೆಯಲ್ಲಿ ಅದು ಓದಬೇಕಾದ ಕಾಗದವಾಗುತ್ತದೆ ಎಂದೆ. ನನ್ನ ಸರ್ವೀಸಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದರೆ ಟೀ ಅಂಗಡಿಯಲ್ಲಿ ಹೇಳಿದ ಆ ನಾಲ್ಕು ಮಾತು. ಅದನ್ನೂ ಕಚೇರಿಯೊಳಗೆ ಹೇಳುವ ಧೈರ್ಯ ಇರಲಿಲ್ಲ.

ಅವರು ಹಾಗೇ ಮಾಡಿದರು. ಗ್ರಾಮ ಸಭೆಯಲ್ಲಿ ಮೊದಲು ಆಶ್ರಯ ಮನೆ, ಚರಂಡಿ, ಬೀದಿದೀಪದ ಗಲಾಟೆ. ಶಾಲೆಯ ವಿಷಯ ಬರುವಾಗ ಗಂಡಸರು ಅರ್ಧ ಎದ್ದು ಹೋಗಿದ್ದರಂತೆ. ಹೆಂಗಸರು ಅಧ್ಯಕ್ಷರ ಮೇಜಿನ ಸುತ್ತ ನಿಂತು ಠರಾವು ಬರೆಸಿದ ಮೇಲೇ ಬಿಟ್ಟರು. ನಿಯೋಜನೆ ರದ್ದಾಗಿ ಮೇಷ್ಟರು ವಾಪಸು ಬರಲು ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆರು ಮಕ್ಕಳು ಹಳದಿ ವ್ಯಾನು ಹತ್ತಿ ಖಾಸಗಿ ಶಾಲೆಗೆ ಹೋಗಿದ್ದರು. ಮೇಷ್ಟರು ಬಂದರು, ಆ ಆರು ಮಕ್ಕಳು ಬರಲಿಲ್ಲ. ಅವರ ತಮ್ಮ ತಂಗಿಯರೂ ಮುಂದೆ ಅದೇ ವ್ಯಾನು ಹತ್ತಿದರು.

ಅದಾದ ಮೇಲೆ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅರವತ್ತು ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಶಿಕ್ಷಕರು ಎಂದು ಅದರ ಪಟ್ಟಿಯಲ್ಲೇ ಇದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ, ಮಗುವಿನ ಹಕ್ಕಿನ ಬಗ್ಗೆ ದೂರಿದ್ದರೆ ಕೇಳಬೇಕಾದದ್ದೂ ಸ್ಥಳೀಯ ಪ್ರಾಧಿಕಾರ. ಎಲ್ಲ ಮಕ್ಕಳನ್ನೂ ಶಾಲೆಗೆ ಸೇರಿಸುವುದು ಗ್ರಾಮ ಪಂಚಾಯಿತಿಯ ಹೊಣೆಗಳಲ್ಲೊಂದು ಎಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯೂ ಹೇಳುತ್ತದೆ. ಮಕ್ಕಳೇ ಬಂದು ಕೇಳಲು ಮಕ್ಕಳ ಗ್ರಾಮ ಸಭೆ ಇದೆ. ನಮ್ಮ ಪಂಚಾಯಿತಿಯಲ್ಲಿ ಹೋದ ವರ್ಷ ಅದು ನಡೆದದ್ದು ನಲವತ್ತು ನಿಮಿಷ, ಅದರಲ್ಲಿ ಇಪ್ಪತ್ತು ನಿಮಿಷ ಹಾರ, ಶಾಲು, ಸ್ವಾಗತ. ಅಧ್ಯಕ್ಷರು ನಗುತ್ತಿದ್ದಾರೆ, ಬೇಸರ ಮಾಡಿಕೊಂಡಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ಆ ಉಳಿದ ಇಪ್ಪತ್ತು ನಿಮಿಷದಲ್ಲಿ ಆರನೇ ತರಗತಿಯ ಒಬ್ಬ ಹುಡುಗಿ ಶೌಚಾಲಯಕ್ಕೆ ನೀರಿಲ್ಲ ಎಂದು ಕೇಳಿದಳು, ಹದಿನೈದು ದಿನಕ್ಕೆ ಪೈಪು ಬಂತು. ಅದೂ ಆದದ್ದೇ.

ಹಟ್ಟಿಯ ಶಾಲೆಯಲ್ಲಿ ಈಗ ಹನ್ನೊಂದು ಮಕ್ಕಳಿದ್ದಾರೆ. ಇಷ್ಟು ಕಡಿಮೆ ಇರುವಾಗ ಹತ್ತಿರದ ಶಾಲೆಗೆ ಸೇರಿಸಿಬಿಡಬಾರದೇ, ಹೆಚ್ಚು ಮಕ್ಕಳಿದ್ದರೆ ಪಾಠವೂ ಚೆನ್ನಾಗಿ ನಡೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಹಟ್ಟಿಯಿಂದ ಊರ ಶಾಲೆಗೆ ಹೈವೇ ದಾಟಬೇಕು. ಕಡಲೆಕಾಯಿ ಸುಗ್ಗಿಯಲ್ಲಿ ತಾಯಿ ತಂದೆ ಬೆಳಗ್ಗೆ ಆರಕ್ಕೇ ಹೊಲಕ್ಕೆ ಹೋದರೆ ಆರು ವರ್ಷದ ಮಗುವನ್ನು ದಾಟಿಸುವವರು ಯಾರು? ಇದನ್ನು ಬೆಂಗಳೂರಿನಲ್ಲಿ ಕೂತವರು ಲೆಕ್ಕ ಹಾಕಲಾರರು, ತಾಲ್ಲೂಕಿನಲ್ಲಿ ಕೂತು ನಾನೂ ಲೆಕ್ಕ ಹಾಕಲಿಲ್ಲ. ಅದನ್ನು ಹೇಳಬಲ್ಲವರು ಆ ಏಳು ಜನ ಹೆಂಗಸರಂಥವರು. ಮಕ್ಕಳು ಬೆಳೆದು ಹೋದ ಮೇಲೆ ಅವರು ಸಮಿತಿಯಲ್ಲಿಲ್ಲ. ಈಗಿನ ಸಮಿತಿಯಲ್ಲಿ ಇರುವ ಕೆಲವರಿಗೆ ತಾವು ಸದಸ್ಯರೆಂಬುದೇ ಗೊತ್ತಿಲ್ಲ.

ಕೊನೆಯದಾಗಿ ಒಂದು ಕೆಲಸದ ಮಾತು. ಹಟ್ಟಿ ಶಾಲೆಗೆ ನರೇಗಾದಲ್ಲಿ ಕಾಂಪೌಂಡು ಕಟ್ಟಲು ಎರಡು ಸಲ ಕ್ರಿಯಾಯೋಜನೆಯಲ್ಲಿ ಸೇರಿಸಿದರು, ಎರಡು ಸಲವೂ ಕೆಲಸ ಶುರುವಾಗಲಿಲ್ಲ. ಶಾಲೆ ನಿಂತಿರುವ ಇಪ್ಪತ್ತು ಗುಂಟೆ ಪಹಣಿಯಲ್ಲಿ ಇನ್ನೂ ದಾನ ಕೊಟ್ಟ ಹಿರಿಯರ ಹೆಸರಿನಲ್ಲೇ ಇದೆ. ಬಾಯಿ ಮಾತಿನಲ್ಲಿ ಕೊಟ್ಟದ್ದು, ಯಾರೂ ಬರೆಸಿಕೊಳ್ಳಲಿಲ್ಲ. ಅವರ ಮೊಮ್ಮಕ್ಕಳು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ರಿಜಿಸ್ಟರ್ ಮಾಡಿಕೊಡಲು ನಿನ್ನೆ ಒಪ್ಪಿದ್ದಾರೆ. ಸರ್ವೆಗೆ ಅರ್ಜಿ, ದಾನಪತ್ರ, ಪಂಚಾಯಿತಿಯಲ್ಲಿ ಶಾಲೆಯ ಹೆಸರಿಗೆ ಖಾತೆ, ಈ ಮೂರೂ ಆಗಬೇಕು. ಕಾಗದ ಬರೆಯುವ ಕೆಲಸ ನನಗೆ ಬಿಡಿ, ಅದೊಂದು ನನಗೆ ಬರುತ್ತದೆ. ಈ ಸಲದ ಗ್ರಾಮ ಸಭೆಯಲ್ಲಿ ಇದನ್ನು ಮೊದಲನೆಯ ವಿಷಯವಾಗಿ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರನ್ನು ಎಲ್ಲರೆದುರಿಗೆ ಕೇಳಿಕೊಳ್ಳುತ್ತೇನೆ, ಚರಂಡಿಗಿಂತ ಮುಂಚೆ. ನನ್ನ ತಮ್ಮನ ಹೆಂಡತಿಗೂ ಹೇಳಿದ್ದೇನೆ. ಹಳೆಯ ನಡಾವಳಿ ಪುಸ್ತಕ ಅವಳ ಪೆಟ್ಟಿಗೆಯಲ್ಲಿ ಇನ್ನೂ ಇದೆಯಂತೆ, ತರುತ್ತೇನೆ ಎಂದಿದ್ದಾಳೆ.